ಎರೆನೆಲದ ಅನ್ನ

ವಿಜಾಪುರದ ಕೋಟೆಯ ಹೆಬ್ಬಾಗಿಲುಗಳಲ್ಲಿ ಒಂದಕ್ಕೆ ಮನಗೂಳಿ ಅಗಸಿಯೆಂದು ಹೆಸರು. 1686ರಲ್ಲಿ ಆದಿಲಶಾಹಿಯನ್ನು ಗೆದ್ದ ಔರಂಗಜೇಬನು ಆ ದ್ವಾರದಿಂದ ನಗರವನ್ನು ಪ್ರವೇಶಿಸಿದನೆಂದು ಅದನ್ನು ಫತೇ ದರವಾಜೆಯೆಂದೂ ಕರೆಯುತ್ತಾರೆ. ಆ ಬಾಗಿಲನ್ನು ದಾಟಿ ಮನಗೂಳಿಯ ಕಡೆಗೆ ನಡೆದವನಿಗೆ ದಾರಿಯ ಎರಡು ಬದಿಗೂ ಕಾಣುವುದು ಕರಿಯ ಎರೆಭೂಮಿ. ಅದು ಒಂದೆಡೆ ಬಸವನ ಬಾಗೇವಾಡಿ ಮುದ್ದೇಬಿಹಾಳಗಳವರೆಗೆ, ಇನ್ನೊಂದೆಡೆ ಸಿಂದಗಿ ಇಂಡಿಗಳವರೆಗೆ ಮರಗಳ ಅಡ್ಡಿಯಿಲ್ಲದೆ ಹಬ್ಬಿಕೊಂಡಿದೆ. ಈ ಸೀಮೆಯ ಊಟವನ್ನು ವರ್ಣಿಸಹೊರಟವರು ಸಾಮಾನ್ಯವಾಗಿ ಜೋಳದ ರೊಟ್ಟಿಯಿಂದ ಆರಂಭಿಸಿ ಅದರಲ್ಲಿಯೇ ಮುಗಿಸುವರು. ನನ್ನ ಅಭಿಪ್ರಾಯದಲ್ಲಿ ರೊಟ್ಟಿಯನ್ನು ಅದರ ನೆಲದಿಂದಲೂ, ಅದರ ಪಕ್ಕದಲ್ಲಿ ಬಡಿಸುವ ಪಲ್ಯ ಹಿಂಡಿಗಳಿಂದಲೂ, ಅದನ್ನು ಹೊಲಕ್ಕೆ ಹೊತ್ತುಕೊಂಡು ಹೋಗುವ ಹಬ್ಬದಿಂದಲೂ ಬೇರ್ಪಡಿಸಿದರೆ ಅದರ ಅರ್ಥದ ಬಹುಭಾಗವು ನಮ್ಮ ಕೈತಪ್ಪಿ ಹೋಗುತ್ತದೆ; ಏಕೆಂದರೆ ಇವುಗಳೊಳಗಿನ ಸಂಬಂಧವು ಕೇವಲ ರೂಢಿಯದಲ್ಲ, ರಸಾಯನಶಾಸ್ತ್ರದ್ದೂ ಅಹುದು.

ಮೊದಲು ನೆಲ. ಕೋಟ್ಯಂತರ ವರ್ಷಗಳ ಹಿಂದೆ ದಖ್ಖನ್ ಪ್ರಸ್ಥಭೂಮಿಯ ಮೇಲೆ ಹರಿದ ಲಾವಾರಸವು ಗಟ್ಟಿಗೊಂಡು, ಆ ಕರಿಗಲ್ಲು ಬಿಸಿಲು ಮಳೆಗಳಿಗೆ ಶಿಥಿಲವಾಗಿ ಉಂಟಾದ ಈ ಮಣ್ಣಿನಲ್ಲಿ ಜೇಡಿಯ ಕಣಗಳು ಅತಿಸೂಕ್ಷ್ಮವಾದ ಪದರಪದರಗಳ ರಚನೆಯುಳ್ಳವು. ನೀರು ಆ ಪದರಗಳ ನಡುವೆ ಹೊಕ್ಕಾಗ ಮಣ್ಣು ಉಬ್ಬುತ್ತದೆ, ಆರಿದಾಗ ಕುಗ್ಗಿ ಕೈತೂರುವಷ್ಟು ಅಗಲವಾಗಿ ಬಿರಿಯುತ್ತದೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಾತ್ರ ಮಳೆ ಬೀಳುವ, ಅದೂ ಹೆಚ್ಚಾಗಿ ಮಳೆಗಾಲದ ಕೊನೆಯಲ್ಲಿ ಬೀಳುವ ಈ ನಾಡಿನಲ್ಲಿ, ಉತ್ತರಿ ಹಸ್ತ ಮಳೆಗಳ ಹದ ನೋಡಿ ಬಿತ್ತಿದ ಹಿಂಗಾರಿ ಬಿಳಿಜೋಳವು ಮುಂದೆ ಆಕಾಶದಿಂದ ಹನಿಯೊಂದು ಬೀಳದಿದ್ದರೂ ನೆಲದೊಳಗೆ ಸಂಗ್ರಹವಾದ ಈ ತೇವವನ್ನೇ ಹೀರಿಕೊಂಡು ಮಾಘ ಫಾಲ್ಗುಣಗಳವರೆಗೆ ನಿಂತು ತೆನೆಗಟ್ಟುತ್ತದೆ. ಒಕ್ಕಲಿಗನು ಸಾಲುಗಳ ನಡುವೆ ಮತ್ತೆಮತ್ತೆ ಎಡೆ ಹೊಡೆಯುವುದು ಕಳೆಯನ್ನು ಕೀಳುವುದಕ್ಕಾಗಿ ಮಾತ್ರವಲ್ಲ. ಕುಂಟೆಯಿಂದ ಪುಡಿಯಾದ ಮೇಲ್ಮಣ್ಣು ಬಿರುಕುಗಳನ್ನು ಮುಚ್ಚಿ ಒಳಗಿನ ತೇವವು ಆವಿಯಾಗಿ ಹೋಗದಂತೆ ತಡೆಯುತ್ತದೆ. ಒಣಬೇಸಾಯದ ಈ ವಿವೇಕವನ್ನು ಶಾಸ್ತ್ರೀಯವಾಗಿ ಪರೀಕ್ಷಿಸುವುದಕ್ಕಾಗಿ 1930ರ ದಶಕದಲ್ಲಿ ದೇಶದಲ್ಲಿ ಸ್ಥಾಪಿಸಿದ ಐದು ಸಂಶೋಧನ ಕೇಂದ್ರಗಳಲ್ಲಿ ವಿಜಾಪುರವೂ ಒಂದಾಗಿದ್ದಿತು; ಅದೇ ದಶಕದಲ್ಲಿ ನೆರೆಯ ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ಆಯ್ದ ಮಾಲದಂಡಿ ತಳಿಯನ್ನು ಈ ಭಾಗದ ರೈತರು ಇಂದಿಗೂ ಕೈಬಿಟ್ಟಿಲ್ಲ. ಬಂದ ಹೊಸ ತಳಿಗಳು ಇಳುವರಿಯಲ್ಲಿ ಮುಂದಾದರೂ, ರೊಟ್ಟಿಯ ಬಿಳುಪು, ರುಚಿ, ದನಗಳು ಮೆಚ್ಚುವ ಕಣಿಕೆ, ಈ ಮೂರರಲ್ಲಿ ಅವು ಮಾಲದಂಡಿಗೆ ಸಮವೆಂದು ಮನೆಯ ಹೆಂಗಸರು ಸುಲಭವಾಗಿ ಒಪ್ಪಲಿಲ್ಲ.

ಡೋಣಿ ಹೊಳೆಯ ದಂಡೆಯ ಹೊಲ ಬೆಳೆದರೆ ಓಣಿಗೆಲ್ಲ ಕಾಳೆಂಬ ಅರ್ಥದ ಗಾದೆ ಇಲ್ಲಿ ಬಳಕೆಯಲ್ಲಿದೆ. ಬೆಳೆದ ವರ್ಷ ಅಳತೆ ಮೀರಿ ಬೆಳೆಯುವ, ಬೆಳೆಯದ ವರ್ಷ ಬೀಜಕ್ಕೂ ಉಳಿಯದ ಇಂಥ ನೆಲದಲ್ಲಿ ಕಾಳನ್ನು ಕೂಡಿಡುವ ವಿದ್ಯೆಯೇ ಜೀವ ಉಳಿಸುವ ವಿದ್ಯೆಯಾಗಿದ್ದಿತು. 1876-78ರ ಮಹಾಕ್ಷಾಮವನ್ನು ಕಂಡ ಜಿಲ್ಲೆಗೆ ಇದನ್ನು ಬೇರೆ ಹೇಳಬೇಕಾದುದಿಲ್ಲ. ಹಗೇವು ಎಂಬ ನೆಲಗುಮ್ಮಿಯನ್ನು ತೋಡಿ, ಒಳಮೈಗೆ ದಂಟು ಹುಲ್ಲುಗಳನ್ನು ಹಾಸಿ, ಒಣಗಿದ ಜೋಳವನ್ನು ತುಂಬಿ, ಮೇಲೆ ಚಪ್ಪಡಿಯನ್ನಿಟ್ಟು ಮಣ್ಣು ಮೆತ್ತಿದ ಮೇಲೆ ಒಳಗೆ ನಡೆಯುವ ವ್ಯಾಪಾರವು ಅತ್ಯಂತ ಸ್ವಾರಸ್ಯವಾದುದು. ಕಾಳು ಸಜೀವ ವಸ್ತು. ಅದೂ, ಅದರೊಡನೆ ಒಳಹೊಕ್ಕ ಹುಳುಗಳೂ ಉಸಿರಾಡುತ್ತ ಅಲ್ಲಿದ್ದ ಆಮ್ಲಜನಕವನ್ನು ಮುಗಿಸಿ ಇಂಗಾಲದ ಡೈಆಕ್ಸೈಡನ್ನು ತುಂಬುತ್ತವೆ. ಉಸಿರಿಲ್ಲದೆ ಹುಳುಗಳು ಸಾಯುತ್ತವೆ. ಜೋಳವು ಯಾವ ಔಷಧವೂ ಇಲ್ಲದೆ ವರ್ಷಗಟ್ಟಲೆ ಉಳಿಯುತ್ತದೆ. ಹಗೇವನ್ನು ತೆರೆದೊಡನೆ ಒಳಗಿಳಿಯಬಾರದೆಂದು ಹಿರಿಯರು ಕಟ್ಟುನಿಟ್ಟಾಗಿ ಹೇಳುತ್ತಿದ್ದುದಕ್ಕೂ, ಉರಿಯುವ ದೀಪವನ್ನು ಇಳಿಬಿಟ್ಟು ಅದು ಆರುವುದೋ ಉರಿಯುವುದೋ ನೋಡುತ್ತಿದ್ದುದಕ್ಕೂ ಇದೇ ಕಾರಣ.

ಇನ್ನು ಒಲೆಯ ಮುಂದಿನ ಕಲೆ. ಗೋದಿಯ ಹಿಟ್ಟಿಗೆ ತಣ್ಣೀರು ಹಾಕಿ ನಾದಿದರೆ ಗ್ಲುಟೆನ್ ಎಂಬ ಸಸಾರಜನಕದ ಬಲೆ ಹೆಣೆದುಕೊಂಡು ಕಣಕವು ಎಳೆದಂತೆ ಬರುತ್ತದೆ. ಜೋಳದಲ್ಲಿ ಗ್ಲುಟೆನ್ ಇಲ್ಲ. ಅದರ ಮುಖ್ಯ ಸಸಾರಜನಕವಾದ ಕಾಫಿರಿನ್ ನೀರಿಗೆ ಒಲಿಯದೆ ಸಣ್ಣ ಗುಳಿಗೆಗಳೊಳಗೆ ಮುದುಡಿಕೊಂಡಿರುತ್ತದೆ. ಆದುದರಿಂದ ಜೋಳದ ಹಿಟ್ಟನ್ನು ತಣ್ಣೀರಿನಲ್ಲಿ ಎಷ್ಟು ನಾದಿದರೂ ಅದು ಬಿರಿಯುತ್ತದೆ. ಈ ತೊಡಕಿಗೆ ಉತ್ತರ ಕರ್ನಾಟಕದ ಹೆಂಗಸು ಕಂಡುಕೊಂಡ ಪರಿಹಾರವೇ ಎಸರು. ಕುದಿಯುವ ನೀರನ್ನು ಹಿಟ್ಟಿನ ನಡುವೆ ಸುರಿದಾಗ, ಸುಮಾರು 70 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಪಿಷ್ಟದ ಕಣಗಳು ನೀರು ಹೀರಿ ಉಬ್ಬಿ ಗಂಜಿಯಂತಾಗುತ್ತವೆ. ಹಿಟ್ಟಿನ ಒಂದಂಶವು ಹೀಗೆ ಬೆಂದು ಉಳಿದುದನ್ನೆಲ್ಲ ಹಿಡಿದಿಡುವ ಜಿಗಿಯಾಗುತ್ತದೆ. ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿದ ಮೇಲೆ ಒದ್ದೆಯ ಅರಿವೆಯಿಂದ ಮೇಲ್ಮೈಗೆ ನೀರು ಸವರುವುದೂ ಅರ್ಥವಿಲ್ಲದ ಕ್ರಿಯೆಯಲ್ಲ: ಉದುರುಹಿಟ್ಟು ಹೋಗಿ ಮೇಲಿನ ಪಿಷ್ಟವೂ ಬೆಂದು ತೆಳುವಾದ ಪೊರೆಯಾಗುತ್ತದೆ, ರೊಟ್ಟಿಯನ್ನು ಮಗುಚಿ ಕೆಂಡಕ್ಕೆ ಹಿಡಿದಾಗ ಒಳಗಿನ ಹಬೆ ಹೊರಬರಲಾರದೆ ಆ ಪೊರೆಯನ್ನು ಉಬ್ಬಿಸುತ್ತದೆ. ಹಿಟ್ಟು ಹಳೆಯದಾದರೆ ಕಾಳಿನ ಮೊಳಕೆಯಂಶದಲ್ಲಿರುವ ಕೊಬ್ಬು ಕೆಟ್ಟು ಕಹಿ ಬರುವುದರಿಂದ ಬೆಳಗಿನ ಜಾವದಲ್ಲಿಯೇ ಬೇಕಾದಷ್ಟನ್ನು ಬೀಸಿಕೊಳ್ಳಬೇಕಾಗಿದ್ದಿತು. ಆ ಬೀಸುವ ಕಲ್ಲಿನ ಮುಂದೆ ಹುಟ್ಟಿದ ತ್ರಿಪದಿಗಳನ್ನು ಇದೇ ಸೀಮೆಯ ಹಲಸಂಗಿಯ ಗೆಳೆಯರು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಎಂದು ಪ್ರಕಟಿಸಿದರೆಂಬುದು ಕನ್ನಡಿಗರೆಲ್ಲ ಬಲ್ಲ ಸಂಗತಿ. ಆ ಸಾಹಿತ್ಯದ ಹಿಂದೆ ಜೋಳದ ಹಿಟ್ಟು ಬಹುಕಾಲ ಉಳಿಯದೆಂಬ ಒಂದು ರಾಸಾಯನಿಕ ಕಾರಣವೂ ಇದ್ದಿತೆಂಬುದನ್ನು ನೆನೆದಾಗ ನನಗೆ ವಿಸ್ಮಯವಾಗುತ್ತದೆ.

ಹಿಟ್ಟು ಉಳಿಯದಿದ್ದರೂ ರೊಟ್ಟಿ ಉಳಿಯುತ್ತದೆ. ತೆಳ್ಳಗೆ ಬಡಿದು ಬೇಯಿಸಿ ಒಲೆಯ ಕಾವಿನಲ್ಲಿ ಒಣಗಿಸಿದ ಖಡಕ್ ರೊಟ್ಟಿಯಲ್ಲಿ ಬೂಷ್ಟಿಗೆ ಬದುಕಲು ಬೇಕಾದಷ್ಟು ನೀರು ಉಳಿದಿರುವುದಿಲ್ಲ. ತೇವ ತಾಕದಂತೆ ಇಟ್ಟರೆ ಅದು ತಿಂಗಳುಗಟ್ಟಲೆ ಕೆಡದು.

ಇಷ್ಟೆಲ್ಲ ಹೇಳಿಯೂ ಜೋಳವೊಂದನ್ನೇ ಪೂರ್ಣಾಹಾರವೆಂದು ಸ್ತುತಿಸುವವರ ಜೊತೆಗೆ ನಾನು ನಿಲ್ಲಲಾರೆ. ಅದರ ಸಸಾರಜನಕದಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲವು ಬಹಳ ಕಡಿಮೆ, ಲ್ಯೂಸಿನ್ ಎಂಬುದು ಅತಿಯಾಗಿ ಹೆಚ್ಚು; ಕಾಳಿನಲ್ಲಿರುವ ಫೈಟಿಕ್ ಆಮ್ಲವು ಕಬ್ಬಿಣದ ಅಂಶವನ್ನು ಹಿಡಿದುಕೊಂಡು ಶರೀರಕ್ಕೆ ದೊರೆಯದಂತೆ ಮಾಡುತ್ತದೆ. ದಖ್ಖನ್ನಿನಲ್ಲಿ ಜೋಳವನ್ನೇ ಉಂಡು ಬದುಕುವ ಬಡವರಲ್ಲಿ, ಚರ್ಮ ಸುಲಿದು ಬುದ್ಧಿ ಮಂಕಾಗುವ ಪೆಲ್ಲಾಗ್ರ ರೋಗವು ಕಾಣಿಸಿಕೊಳ್ಳುವುದನ್ನು ಹೈದರಾಬಾದಿನ ಪೋಷಣ ಸಂಶೋಧನಾಲಯದಲ್ಲಿ ಅಭ್ಯಸಿಸಿದ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯನವರು, ಹೆಚ್ಚಾದ ಲ್ಯೂಸಿನ್ನು ದೇಹದಲ್ಲಿ ನಿಯಾಸಿನ್ ಎಂಬ ಜೀವಸತ್ವದ ಉತ್ಪತ್ತಿಗೆ ಅಡ್ಡಬರುವುದೆಂಬ ವಿಚಾರವನ್ನು 1960ರಲ್ಲಿ ಮುಂದಿಟ್ಟರು. ಅದರ ಮೇಲೆ ವಿದ್ವಾಂಸರಲ್ಲಿ ವಾದವಿವಾದಗಳು ನಡೆದುವು. ಆದರೆ ಬರಿಯ ರೊಟ್ಟಿಗೆ ಬರಿಯ ಖಾರ ಹಚ್ಚಿಕೊಂಡು ಉಣ್ಣಬೇಕಾದ ದಾರಿದ್ರ್ಯವೇ ರೋಗದ ಬೇರೆಂಬುದರಲ್ಲಿ ಸಂದೇಹವಿಲ್ಲ.

ಆದುದರಿಂದ ತಾಟಿನ ಉಳಿದ ಭಾಗವನ್ನು ಗೌರವದಿಂದ ನೋಡಬೇಕು. ಹೆಸರು, ಮಡಿಕೆ, ತೊಗರಿ, ಕಡಲೆಗಳ ಪಲ್ಯವೂ ಝುಣಕವೂ ಜೋಳಕ್ಕಿಲ್ಲದ ಲೈಸಿನ್ನನ್ನು ತುಂಬಿಕೊಡುತ್ತವೆ. ಶೇಂಗಾ ಹಿಂಡಿ ನಿಯಾಸಿನ್ನನ್ನೂ, ಅಗಸಿಯ ಹಿಂಡಿ ಇತರ ಎಣ್ಣೆಗಳಲ್ಲಿ ವಿರಳವಾದ ಒಮೆಗಾ-3 ಕೊಬ್ಬನ್ನೂ ಒದಗಿಸುತ್ತವೆ. ಪುಂಡಿಯ ಪಲ್ಯವಂತೂ ನನ್ನ ಪಾಲಿಗೆ ಈ ಸೀಮೆಯ ಅತ್ಯಂತ ಬುದ್ಧಿವಂತ ಅಡಿಗೆ: ಹುಳಿಯ ಸೊಪ್ಪು, ಬೇಳೆ, ಜೋಳದ ನುಚ್ಚು ಇವು ಒಂದೇ ಗಡಿಗೆಯಲ್ಲಿ ಬೆಂದಾಗ ಸೊಪ್ಪಿನ ಆಮ್ಲಗಳು ಕಬ್ಬಿಣವನ್ನು ಕರಗಿದ ಸ್ಥಿತಿಯಲ್ಲಿಟ್ಟು ಶರೀರವು ಹೀರಿಕೊಳ್ಳುವುದಕ್ಕೆ ನೆರವಾಗುತ್ತವೆ. ಬೇಯಿಸಿದಾಗ ಕಾಫಿರಿನ್ನು ಗಂಧಕದ ಬಂಧಗಳಿಂದ ಬಿಗಿದುಕೊಂಡು ಜೀರ್ಣಕ್ಕೆ ಕಠಿಣವಾಗುವುದುಂಟು. ಹಿಟ್ಟನ್ನು ಹುಳಿ ಬರಿಸಿ ಕಾಯಿಸಿ ಮಜ್ಜಿಗೆ ಬೆರೆಸುವ ಅಂಬಲಿಯಲ್ಲಿ ಆ ಕಾಠಿಣ್ಯವು ಸಡಿಲುತ್ತದೆ.

ದೂರದ ಜಾವಾ ದ್ವೀಪದವರು ಲೈಸಿನ್ನಿನ ಕೊರತೆಯ ಇದೇ ಪ್ರಶ್ನೆಗೆ ಬೇರೆ ಉತ್ತರವನ್ನು ಕಂಡುಕೊಂಡರು. ಅನ್ನದಲ್ಲಿಯೂ ಲೈಸಿನ್ ಸಾಲದು. ಅವರು ಬೆಂದ ಸೋಯಾ ಕಾಳುಗಳ ಮೇಲೆ ರೈಜೋಪಸ್ ಎಂಬ ಬೂಷ್ಟನ್ನು ಬೆಳೆಸಿ, ಅದರ ಬಿಳಿಯ ಎಳೆಗಳಿಂದ ಬಿಗಿದ ತೆಂಪೆಯೆಂಬ ಹಲ್ಲೆಯನ್ನು ಮಾಡಿ ಅನ್ನದೊಡನೆ ಉಣ್ಣುತ್ತಾರೆ. ಆ ಬೂಷ್ಟಿನ ಹೆಪ್ಪನ್ನು ಹಿಂದಿನಿಂದಲೂ ಕಾಪಿಡುತ್ತಿದ್ದುದು ‘ವಾರು’ ಎಂಬ ಮರದ ರೋಮಭರಿತ ಎಲೆಗಳ ಮೇಲೆ. ಆ ಮರವು ನಮ್ಮ ಪುಂಡಿಯ ಕುಲದ್ದೇ, ದಾಸವಾಳದ ಬಳಗದ್ದು. ಅಲ್ಲಿಯ ಗುನುಂಗ್ ಕಿದುಲ್ ಎಂಬ ಸುಣ್ಣಕಲ್ಲಿನ ಒಣಸೀಮೆಯ ಜನರು ಮರಗೆಣಸನ್ನು ಒಣಗಿಸಿ ಕುಟ್ಟಿ ಹಬೆಯಲ್ಲಿ ಬೇಯಿಸಿ ಉಣ್ಣುವ ತಿವುಲ್ ಬಹುಕಾಲ ಬಡವರ ಕೂಳೆಂದು ಕಡೆಗಣಿಸಲ್ಪಟ್ಟು, ಈಚೆಗೆ ಪ್ರವಾಸಿಗಳು ಕೇಳಿ ತಿನ್ನುವ ಪದಾರ್ಥವಾಗಿದೆ. ಶುಭಕಾರ್ಯಗಳಲ್ಲಿ ಅನ್ನವನ್ನು ಬೆಟ್ಟದಾಕಾರದಲ್ಲಿ ಎತ್ತರಿಸಿ ಸುತ್ತಲೂ ಪಲ್ಯಗಳನ್ನು ಜೋಡಿಸಿ ನೆರೆಹೊರೆಯವರೊಡನೆ ಹಂಚಿಕೊಳ್ಳುವ ತುಂಪೆಂಗ್ ಎಂಬ ಪದ್ಧತಿಯೂ ಅಲ್ಲಿದೆ.

ಆ ಪದ್ಧತಿಗೆ ನಮ್ಮಲ್ಲಿ ಸಮೀಪವಾದುದು ಎಳ್ಳ ಅಮವಾಸ್ಯೆಯ ಚರಗ. ಡಿಸೆಂಬರ್ ಜನವರಿಗಳ ನಡುವೆ ಜೋಳವು ಹೊಡೆ ಹಾಯ್ದು ನಿಂತಿರುವಾಗ, ಎಳ್ಳು ಹಚ್ಚಿದ ಸಜ್ಜಿಯ ರೊಟ್ಟಿ, ಶೇಂಗಾ ಹೋಳಿಗೆ, ಕಡಬು, ಎಣ್ಣೆಗಾಯಿ, ಪುಂಡಿಪಲ್ಯ, ಬಗೆಬಗೆಯ ಹಿಂಡಿಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಅಡಿಗೆಯನ್ನು ಹೊಲದ ಸುತ್ತ ಚೆಲ್ಲಿ, ಬಂದವರಿಗೆಲ್ಲ ಉಣಬಡಿಸುತ್ತಾರೆ. ಚೆಲ್ಲಿದ ಅನ್ನಕ್ಕೆ ಬಂದ ಹಕ್ಕಿಗಳು ಕಡಲೆ ತೊಗರಿಗಳ ಕಾಯಿಕೊರಕ ಹುಳುಗಳನ್ನೂ ತಿನ್ನುವುವೆಂದು ಕೆಲವರು ಈ ಆಚರಣೆಗೆ ವೈಜ್ಞಾನಿಕ ಸಮರ್ಥನೆಯನ್ನು ಕೊಡುತ್ತಾರೆ. ಹಕ್ಕಿಗಳು ಆ ಹುಳುಗಳನ್ನು ತಿನ್ನುವುದು ನಿಜ. ಆದರೆ ಭೂತಾಯಿಗೆ ಎಡೆ ಕೊಡುವವನು ಆ ಲೆಕ್ಕ ಹಾಕಿ ಕೊಡುವುದಿಲ್ಲ, ಅವನ ಕೃತಜ್ಞತೆಗೆ ನಮ್ಮ ಸಮರ್ಥನೆಯ ಊರುಗೋಲೂ ಬೇಕಾಗಿಲ್ಲ. ನನಗೆ ಮುಖ್ಯವೆನಿಸುವುದು ಬೇರೊಂದು: ವರ್ಷವೆಲ್ಲ ರೊಟ್ಟಿ ಖಾರಗಳಲ್ಲಿ ಕಾಲ ಕಳೆಯುವ ಕೂಲಿಯವನ ತಾಟಿನಲ್ಲಿಯೂ ಅಂದು ಈ ನೆಲದ ಧಾನ್ಯ, ಕಾಳು, ಎಣ್ಣೆಬೀಜ, ಸೊಪ್ಪುಗಳೆಲ್ಲ ಒಟ್ಟಿಗೆ ಬಂದು ಕೂಡುತ್ತವೆ.

ಈ ಕೂಟವು ಮೊದಲು ಹೊಲದಲ್ಲಿಯೇ ಇದ್ದಿತು. ಜೋಳದ ನಡುವೆ ಕಡಲೆ, ಅಗಸಿಗಳ ಅಕ್ಕಡಿ ಸಾಲು, ಅಂಚಿಗೆ ದನಗಳನ್ನು ತಡೆಯುವ ಮುಳ್ಳಿನ ಕುಸುಬಿ, ಹೀಗೆ ಬಿತ್ತುತ್ತಿದ್ದ ಹೊಲಗಳಲ್ಲಿ ಈಗ ಹಲವೆಡೆ ತೊಗರಿಯೊಂದೇ ನಿಂತಿದೆ. ಕಾಲುವೆಯ ನೀರು ಬಂದಲ್ಲಿ ಕಬ್ಬು ನಿಂತಿದೆ. ನೀರನ್ನು ಬಯಸಿದ ರೈತನನ್ನು ಯಾರೂ ದೂರಲಾಗದು. 2023ನ್ನು ವಿಶ್ವಸಂಸ್ಥೆಯು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ಜೋಳಕ್ಕೆ ನಗರಗಳಲ್ಲಿ ಮಾನ ಬಂದಿತು. ಹೆಂಗಸರು ನಡೆಸುವ ರೊಟ್ಟಿ ಕೇಂದ್ರಗಳಿಂದ ಖಡಕ್ ರೊಟ್ಟಿಯು ಕಟ್ಟುಕಟ್ಟಾಗಿ ಬೆಂಗಳೂರು ಪುಣೆಗಳಿಗೆ ಹೋಗುತ್ತಿದೆ. ಸೀತನಿ ಮಾತ್ರ ಹಾಗೆ ಪಯಣಿಸದು. ಹಾಲುಗಾಳು ಗಟ್ಟಿಯಾಗುವ ಮೊದಲಿನ ಕೆಲವೇ ದಿನಗಳಲ್ಲಿ, ಸಕ್ಕರೆಯು ಇನ್ನೂ ಪಿಷ್ಟವಾಗಿ ಮಾರ್ಪಡುತ್ತಿರುವಾಗಲೇ ತೆನೆಯನ್ನು ಕೊಯ್ದು, ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಡಿದು ಕಾಳು ಬಿಡಿಸಿ, ಬೆಲ್ಲ ಶೇಂಗಾ ಹಿಂಡಿಗಳೊಡನೆ ಬಿಸಿಯಾಗಿರುವಾಗಲೇ ತಿನ್ನಬೇಕು. ಅದಕ್ಕೆ ಹೊಲದ ಬದುವಿಗೇ ಹೋಗಬೇಕು, ಹೋದಾಗ ಅಲ್ಲಿ ಜೋಳ ನಿಂತಿರಬೇಕು.