ಕೆಂಪಿಯ ಏಳನೆಯ ತಿಂಗಳು

ನಮ್ಮ ಕೆಂಪಿಗೆ ಏಳು ತಿಂಗಳು ತುಂಬಿತು. ಇನ್ನೂ ಬೆದೆಗೆ ಬಂದಿಲ್ಲ. ಗರ್ಭಕೋಶವನ್ನು ಈಗಲೇ ತೆಗೆಸುವುದೋ, ಒಂದು ಬೆದೆ ಕಳೆಯಲೆಂದು ಕಾಯುವುದೋ ಎಂಬ ಚರ್ಚೆ ಊಟದ ಎಲೆಯ ಮುಂದೆಯೂ ನಿಲ್ಲದಾಗಿದೆ. "ಒಂದು ಸಲವಾದರೂ ತಾಯಾಗಲಿ" ಎಂಬುದು ನನ್ನಾಕೆಯ ವಾದ. ಹೆಣ್ಣುಮರಿಗಳನ್ನು ಒಯ್ಯುವವರು ಯಾರೆಂದು ಕೇಳಿದರೆ ಮಾತ್ರ ಉತ್ತರವಿಲ್ಲ.

ಹಿಂದಿನ ನಾಯಿ ಚುಕ್ಕಿಯ ವಿಷಯದಲ್ಲಿ ನಾನೂ ಹೀಗೆಯೇ ದಿನ ದೂಡಿದವನು. ಅದರ ಎಂಟನೆಯ ವರ್ಷ, ಬೆದೆ ಕಳೆದು ತಿಂಗಳಾಗಿತ್ತು. ಅನ್ನ ಬಿಟ್ಟಿತು, ತಂಬಿಗೆಗಟ್ಟಲೆ ನೀರು ಕುಡಿಯತೊಡಗಿತು. ಬಿಸಿಲಿನ ಬೇಗೆಯೆಂದುಕೊಂಡೆ. ಗರ್ಭಕೋಶದಲ್ಲಿ ಕೀವು ತುಂಬಿದೆಯೆಂದು ವೈದ್ಯರು ಹೇಳುವ ವೇಳೆಗೆ ಕಾಲ ಮೀರಿತ್ತು. ಆ ನೀರಿನ ಬಟ್ಟಲು ಇನ್ನೂ ಹಿತ್ತಲಲ್ಲಿದೆ.

ಶಾಸ್ತ್ರವೂ ಒಂದೇ ಮಾತು ಹೇಳುವುದಿಲ್ಲ. ಮೊದಲ ಬೆದೆಗೆ ಮುನ್ನ ಶಸ್ತ್ರಕ್ರಿಯೆಯಾದರೆ ಮೊಲೆಯ ಗಂತಿ ಬಹಳ ಅಪರೂಪವೆಂದು 1969ರ ಅಮೆರಿಕದ ಅಧ್ಯಯನವೊಂದು ಸಾರಿತು. ಅಂಥ ಆಧಾರಗಳು ದುರ್ಬಲವೆಂದು 2012ರ ವಿಮರ್ಶೆಯೊಂದು ಹೇಳಿತು. ಕೆಲವು ದೊಡ್ಡ ತಳಿಗಳಲ್ಲಿ ಆತುರಪಟ್ಟರೆ ಕೀಲಿನ ತೊಂದರೆ ಹೆಚ್ಚುವುದುಂಟು. ಮುಧೋಳದ ನಾಯಿಯಾಗಿದ್ದರೆ ಎಲುಬು ಬಲಿಯುವವರೆಗೆ ಕಾಯುತ್ತಿದ್ದೆನೇನೋ. ಕೆಂಪಿಯದು 14 ಕಿಲೋ ತೂಗುವ ಬೀದಿಯ ಕುಲ. ನಮ್ಮದು ಬೇಲಿಯಿಲ್ಲದ ಅಂಗಳ. ಬೆದೆ ಬಂದುಬಿಟ್ಟರೆ ರಕ್ತನಾಳಗಳು ಉಬ್ಬಿಕೊಳ್ಳುತ್ತವೆ. ಮತ್ತೆ ಎರಡು ಮೂರು ತಿಂಗಳು ತಡೆಯಬೇಕು. ಅಷ್ಟರಲ್ಲಿ ಬೀದಿಯ ಗಂಡುಗಳು ಸುಮ್ಮನಿದ್ದಾವೆಯೇ? ಸುಮಾರು 63 ದಿನಗಳಲ್ಲಿ ಮರಿಗಳೇ ಬಂದಾವು.

ಗುರುವಾರ ಬೆಳಗ್ಗೆಗೆ ಹೇಳಿಬಂದಿದ್ದೇನೆ. ಹಿಂದಿನ ರಾತ್ರಿಯಿಂದ ಅನ್ನ ಹಾಕಬಾರದಂತೆ. ಇದನ್ನು ಕೇಳಿ ನನ್ನಾಕೆ ಏನೂ ಆಡಲಿಲ್ಲ. ಬುಧವಾರ ಅರ್ಧ ಲೀಟರು ಹೆಚ್ಚಿಗೆ ತರಬೇಕೆಂದು ಹಾಲಿನವನಿಗೆ ಹೇಳಿದಳು.