ಲಿಂಬೆಯ ನಾಡು ಇಂಡಿ: ಬೆಳೆ, ನುಡಿ ಮತ್ತು ಪರಂಪರೆ

ವಿಜಯಪುರ ಜಿಲ್ಲೆಯ ಇಂಡಿ ಪ್ರದೇಶವು ಇಂದು ಲಿಂಬೆಯ ಬೆಳೆಗೆ ಹೆಸರಾಗಿದೆ. ಕರ್ನಾಟಕ ರಾಜ್ಯ ಲಿಂಬೆ ಅಭಿವೃದ್ಧಿ ಮಂಡಳಿಯು ಇಂಡಿಯಲ್ಲಿದ್ದು, ಇಲ್ಲಿನ ಕಾಗಜಿ ಲಿಂಬೆಗೆ ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆತಿದೆ. ಬೆಳೆಯನ್ನು ಕುರಿತ ಚರ್ಚೆ ಸಾಮಾನ್ಯವಾಗಿ ಇಳುವರಿ ಮತ್ತು ಮಾರುಕಟ್ಟೆಯಲ್ಲಿಯೇ ಮುಗಿಯುತ್ತದೆ. ಅದರೊಡನೆ ಬೆಳೆದ ನುಡಿಯನ್ನು ಈ ನೆಲದ ಸಾಂಸ್ಕೃತಿಕ ಚರಿತ್ರೆಯಲ್ಲಿಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಇಂಡಿಗೆ ಸಮೀಪದ ಸಾಲೋಟಗಿಯ ಸ್ತಂಭಶಾಸನವು ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ್ದು. ಶಕವರ್ಷ 867, ಅಂದರೆ ಕ್ರಿ.ಶ. 945. ರಾಜನ ಮಂತ್ರಿ ನಾರಾಯಣನು ಪಾವಿಟ್ಟಗೆಯಲ್ಲಿ ಶಾಲೆಯನ್ನು ಕಟ್ಟಿಸಿದುದನ್ನೂ, ಅಲ್ಲಿಗೆ ನಾನಾ ದೇಶಗಳ ವಿದ್ಯಾರ್ಥಿಗಳು ಬರುತ್ತಿದ್ದುದನ್ನೂ ಅದು ತಿಳಿಸುತ್ತದೆ. ಶಾಲೆಗೆ ದೊರೆತ ದತ್ತಿಗಳಲ್ಲಿ 500 ನಿವರ್ತನ ಭೂಮಿ, ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳು, ದೀಪಕ್ಕೆಂದು 12 ನಿವರ್ತನ ಭೂಮಿ ಸೇರಿವೆ. ಊರಿನ ಮದುವೆ, ಉಪನಯನಗಳಿಂದಲೂ ಶಾಲೆಗೆ ಹಣ ಸಲ್ಲುತ್ತಿತ್ತು. ಶಾಲೆ ಮತ್ತು ಪಾವಿಟ್ಟಗೆ ಎಂಬ ಎರಡು ಪದಗಳು ಕೂಡಿ ಸಾಲೋಟಗಿ ಎಂಬ ಹೆಸರಾಯಿತೆಂದು ವಿದ್ವಾಂಸರು ನಿಷ್ಪತ್ತಿ ಹೇಳಿದ್ದಾರೆ. ಈ ನೆಲದ ವಿದ್ಯೆಗೆ ಕೃಷಿಯೇ ಆಧಾರವಾಗಿತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಈಗ ಲಿಂಬೆಯ ನುಡಿಯನ್ನು ಗಮನಿಸಬಹುದು. ಶಿಷ್ಟರೂಪದ ‘ಲಿಂಬೆ’ ಇಲ್ಲಿ ‘ಲಿಂಬಿ’ಯಾಗುತ್ತದೆ, ‘ಮನೆ’ಯು ‘ಮನಿ’, ‘ಮಳೆ’ಯು ‘ಮಳಿ’ ಆಗುವ ನಿಯಮವೇ ಇದು. ಬೇಸಾಯದ ಕಾಲಗಣನೆಯಂತೂ ಇನ್ನೂ ಕುತೂಹಲಕರ. ಲಿಂಬೆ ಹೂಬಿಡುವ ಕಾಲಗಳನ್ನು ಅಂಬೆ ಬಹಾರ, ಮೃಗ ಬಹಾರ, ಹಸ್ತ ಬಹಾರ ಎಂದು ವಿಂಗಡಿಸುತ್ತಾರೆ. ‘ಬಹಾರ’ ವಸಂತವೆಂಬ ಅರ್ಥದ ಪಾರಸಿ ಪದ. ‘ಹಸ್ತ’ ನಕ್ಷತ್ರದ ಹೆಸರು. ‘ಮೃಗ’ವು ಮೃಗಶಿರದ ಹ್ರಸ್ವರೂಪ, ಈ ಭಾಗದ ಆಡುಮಾತಿನ ‘ಮಿರಗ’. ಹಸ್ತ ಬಹಾರದ ಫಸಲು ಬೇಸಿಗೆಗೆ ಬರುವುದರಿಂದ ಅದಕ್ಕೆ ಬೆಲೆ ಹೆಚ್ಚು. ಅದಕ್ಕಾಗಿ ಗಿಡಕ್ಕೆ ಕೆಲಕಾಲ ನೀರು ನಿಲ್ಲಿಸಿ, ಅನಂತರ ಗೊಬ್ಬರ ಮತ್ತು ನೀರು ಕೊಟ್ಟು ಹೂವನ್ನು ಬರಿಸುತ್ತಾರೆ. ಹೀಗೆ ಪಂಚಾಂಗದ ನಕ್ಷತ್ರ, ಪಾರಸಿಯ ವಸಂತ, ಕನ್ನಡದ ಒಕ್ಕಲುತನ ಒಂದೇ ನುಡಿಗಟ್ಟಿನಲ್ಲಿ ಕೂಡಿವೆ. ಆದಿಲಶಾಹಿಯ ರಾಜಧಾನಿಯಾಗಿದ್ದ ಜಿಲ್ಲೆಯಲ್ಲಿ ಇಂತಹ ಕೂಡಿಕೆ ಅಸಹಜವೇನಲ್ಲ.

ಇಂತಹ ನುಡಿಸಂಪತ್ತನ್ನು ದಾಖಲಿಸುವ ಮಾದರಿಯೂ ಈ ನೆಲದಲ್ಲಿಯೇ ಇದೆ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದ ಹಲಸಂಗಿ ಗೆಳೆಯರು ಹೆಣ್ಣುಮಕ್ಕಳ ಬಾಯಲ್ಲಿದ್ದ ತ್ರಿಪದಿಗಳನ್ನು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದರು. ಬೀಸುವ ಕಲ್ಲು ಮನೆಗಳಿಂದ ಮರೆಯಾದ ಮೇಲೆ ಹಾಡುವ ಸಂದರ್ಭವೂ ಮರೆಯಾಯಿತು; ಹಾಡುಗಳು ಮಾತ್ರ ಗ್ರಂಥದಲ್ಲಿ ಉಳಿದವು. ಅವರ ಕೆಲಸ ಒಂದು ತಲೆಮಾರು ತಡವಾಗಿದ್ದರೆ ಕನ್ನಡ ಜಾನಪದದ ನಷ್ಟ ತುಂಬಲಾರದ್ದಾಗುತ್ತಿತ್ತು.

ಲಿಂಬೆಯ ನುಡಿಗೂ ಅದೇ ಆತಂಕವಿದೆ. ಬರಗಾಲದ ವರ್ಷಗಳಲ್ಲಿ ಟ್ಯಾಂಕರ್ ನೀರಿನಿಂದ ತೋಟ ಉಳಿಸಿಕೊಳ್ಳಬೇಕಾದ ರೈತನು ಬೇರೆ ಬೆಳೆಗೆ ಹೊರಳಿದರೆ, ಗಿಡದೊಂದಿಗೆ ಅದರ ಪದಗಳೂ ಬಳಕೆ ತಪ್ಪುತ್ತವೆ. ಭೌಗೋಳಿಕ ಸೂಚಕವು ಹಣ್ಣಿನ ಹೆಸರನ್ನು ರಕ್ಷಿಸಬಲ್ಲದು. ಬೆಳೆಗಾರನ ನುಡಿಯನ್ನು ರಕ್ಷಿಸಲಾರದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಪರಿಸರದ ವೃತ್ತಿಪದಕೋಶವೊಂದನ್ನು ಸಿದ್ಧಪಡಿಸುವುದು ಆ ಕಾರಣದಿಂದ ಕನ್ನಡ ಅಧ್ಯಯನ ವಿಭಾಗಗಳ ಹೊಣೆಯಾಗಿದೆ. ಶಾಸನವನ್ನು ಓದಲು ಕಂಬವಾದರೂ ಕಾದಿರುತ್ತದೆ. ಆಡುವವರ ನಾಲಗೆ ಕಾಯುವುದಿಲ್ಲ.