ಗೊರಸಿಗೊಪ್ಪುವ ದಾರಿ

ಹೇಸರಗತ್ತೆಗೆ ದಾರಿ ಮಾಡುವುದು ಮನುಷ್ಯನಿಗೆ ದಾರಿ ಮಾಡಿದಷ್ಟು ಸುಲಭವಲ್ಲ. ಮನುಷ್ಯ ಕಡಿದಾದ ಕಡೆ ಕೈಯೂರಿ ಹತ್ತುತ್ತಾನೆ, ಜಾರಿದರೆ ಗಿಡದ ಕೊಂಬೆ ಹಿಡಿಯುತ್ತಾನೆ. ಬೆನ್ನಿನ ಎರಡೂ ಬದಿಗೆ ಸುಮಾರು 150 ಕಿಲೊ ಹೇರು ಹೊತ್ತ ಪ್ರಾಣಿಗೆ ಆ ಅನುಕೂಲವಿಲ್ಲ. ಅದರ ಗೊರಸಿಗೆ ಪ್ರತಿ ಹೆಜ್ಜೆಯಲ್ಲೂ ಹಿಡಿತ ಸಿಗಬೇಕು. ಹೇರು ಬಂಡೆಗೆ ತಾಗಬಾರದು. ಜಡಿಮಳೆಯ ಮಾರನೇ ದಿನವೂ ದಾರಿ ಇದ್ದಲ್ಲೇ ಇರಬೇಕು. ಆಲ್ಪ್ಸ್ ಕಣಿವೆಗಳ ಹಳೆಯ ಹೇರುದಾರಿಗಳಲ್ಲಿ ನಡೆಯುವ ಸುಖದಲ್ಲಿ ಅರ್ಧ ಪಾಲು, ಈ ಮೂರು ಷರತ್ತುಗಳನ್ನು ಬರೀ ಕಲ್ಲಿನಲ್ಲಿ ಹೇಗೆ ಪೂರೈಸಿದ್ದಾರೆಂದು ನೋಡುವುದರಲ್ಲಿದೆ.

ಸ್ವಿಟ್ಜರ್ಲೆಂಡಿನ ವಾಲೇ ಪ್ರಾಂತ್ಯದಲ್ಲಿರುವ ಸ್ಟೊಕಾಲ್ಪರ್ ದಾರಿ ಅಂಥದ್ದೊಂದು. ಬ್ರಿಗ್ ಪಟ್ಟಣದಿಂದ ಹೊರಟು, 2,005 ಮೀಟರ್ ಎತ್ತರದ ಸಿಂಪ್ಲೋನ್ ಘಾಟಿಯನ್ನು ದಾಟಿ, ಸಿಂಪ್ಲೋನ್ ಹಳ್ಳಿಯ ಮೂಲಕ ಇಟಲಿಯ ಗಡಿಯ ಗೊಂಡೊಗೆ ಇಳಿಯುತ್ತದೆ. ಘಾಟಿಯ ಹಾದಿ ಮೊದಲೇ ಇತ್ತು. 17ನೇ ಶತಮಾನದಲ್ಲಿ ಅದನ್ನು ಹದಗೊಳಿಸಿ ವ್ಯಾಪಾರಮಾರ್ಗ ಮಾಡಿದವನು ಬ್ರಿಗ್‌ನ ವರ್ತಕ ಕಾಸ್ಪರ್ ಯೋಡೊಕ್ ಸ್ಟೊಕಾಲ್ಪರ್ (1609–1691). ಉಪ್ಪಿನ ಏಕಸ್ವಾಮ್ಯ ಅವನ ಕೈಯಲ್ಲಿತ್ತು. ದನ ಸಾಕಿ ಗಿಣ್ಣು ಮಾಡುವ, ಚಳಿಗಾಲಕ್ಕೆ ಮಾಂಸ ಒಣಗಿಸಿಡುವ ಬೆಟ್ಟದ ಊರುಗಳಲ್ಲಿ ಉಪ್ಪು ಹಿಡಿದವನೇ ದೊರೆ. ಘಾಟಿಯ ಮೇಲೊಂದು ತಂಗುಮನೆ, ಗೊಂಡೊದಲ್ಲೊಂದು ಭಾರಿ ಗೋಪುರದ ಉಗ್ರಾಣ, ಬ್ರಿಗ್‌ನಲ್ಲಿ ಮೂರು ಗುಮ್ಮಟಗಳ ಅರಮನೆ ಎಲ್ಲವೂ ಈ ದಾರಿಯ ದುಡಿಮೆಯಿಂದ ಎದ್ದವು. 1678ರಲ್ಲಿ ವಿರೋಧಿಗಳು ಅವನನ್ನು ಕೆಳಗಿಳಿಸಿದಾಗ ಅವನು ಓಡಿಹೋಗಿ ನೆಲೆಸಿದ್ದೂ ಇದೇ ಘಾಟಿಯಾಚೆಯ ದೊಮೊದೊಸ್ಸೊಲಾದಲ್ಲಿ.

ಇನ್ನು ಕಾಲಡಿಯನ್ನು ನೋಡೋಣ. ಕಡಿದಾದ ಕಡೆಗಳಲ್ಲಿ ಕಲ್ಲುಗಳನ್ನು ಚಪ್ಪಡಿಯಂತೆ ಮಲಗಿಸಿಲ್ಲ. ಕಪಾಟಿನಲ್ಲಿ ಪುಸ್ತಕ ಜೋಡಿಸಿದಂತೆ ನಿಲ್ಲಿಸಿ, ದಾರಿಗೆ ಅಡ್ಡಲಾಗಿ ಒತ್ತೊತ್ತಾಗಿ ಹೂತಿದ್ದಾರೆ. ಕಲ್ಲಿನ ಬಹುಪಾಲು ಮಣ್ಣಿನೊಳಗೆ, ಅಂಚು ಮಾತ್ರ ಮೇಲೆ. ಮಲಗಿಸಿದ ಕಲ್ಲು ಲಾಳದಡಿ ಜಾರುತ್ತದೆ, ಒಂದು ಬದಿ ತುಳಿದರೆ ಇನ್ನೊಂದು ಬದಿ ಏಳುತ್ತದೆ. ನಿಲ್ಲಿಸಿದ ಕಲ್ಲು ಅಲುಗಬೇಕಾದರೆ ಪಕ್ಕದ್ದೆಲ್ಲ ಅಲುಗಬೇಕು, ಮತ್ತು ಸಾಲುಸಾಲಿನ ಅಂಚುಗಳಲ್ಲಿ ಲಾಳ ಕಚ್ಚಿಕೊಳ್ಳುತ್ತದೆ. ಇನ್ನೂ ಕಡಿದಾದರೆ ಮೆಟ್ಟಿಲು: ಎತ್ತರ ಕಡಿಮೆ, ಹಾಸು ಉದ್ದ. ನಾಲ್ಕು ಕಾಲಿನ ಪ್ರಾಣಿ ಒಂದು ಮೆಟ್ಟಿಲಲ್ಲಿ ಸಾವರಿಸಿಕೊಂಡು ಮುಂದಿನದಕ್ಕೆ ಕಾಲಿಡುವಷ್ಟು ಜಾಗ. ಎರಡು ಕಾಲಿನವರಿಗೆ ಈ ಲಯ ಮೊದಲು ವಿಚಿತ್ರವೆನಿಸುತ್ತದೆ. ಒಗ್ಗಿದ ಮೇಲೆ ಏದುಸಿರು ಕಡಿಮೆಯಾಗುತ್ತದೆ.

ಗೊರಸಿಗಿಂತ ದೊಡ್ಡ ಚಿಂತೆ ನೀರು. ಇಳಿಜಾರಿನ ದಾರಿ ತಾನೇ ಹಳ್ಳವಾಗಲು ಒಂದೆರಡು ಮಳೆಗಾಲ ಸಾಕು. ಹಾಗಾಗದಂತೆ ಅಲ್ಲಲ್ಲಿ ದಾರಿಗೆ ಓರೆಯಾಗಿ ಉದ್ದನೆಯ ಕಲ್ಲುಗಳ ಸಾಲೊಂದನ್ನು ತುಸು ಎತ್ತರಿಸಿ ಕೂರಿಸುತ್ತಾರೆ. ಮೇಲಿನಿಂದ ಬಂದ ನೀರು ಅದಕ್ಕೆ ತಾಗಿ, ವೇಗ ಕೂಡಿಸಿಕೊಳ್ಳುವ ಮೊದಲೇ ಹೊರಬದಿಗೆ ಹರಿದುಬಿಡುತ್ತದೆ. ನೇರ ಅಡ್ಡಗಟ್ಟಿದರೆ ಹೂಳು ನಿಲ್ಲುತ್ತದೆ, ತೀರಾ ಓರೆಯಾದರೆ ನೀರೇ ಅಂಚನ್ನು ಕೊರೆಯುತ್ತದೆ. ಎಷ್ಟು ಓರೆ ಎಂಬುದು ಆಯಾ ಜಾಗದ ಇಳಿಜಾರು ನೋಡಿ ತೀರ್ಮಾನವಾಗುವ ಮಾತು.

ದಾರಿಯನ್ನು ಹೊತ್ತ ತಡೆಗೋಡೆಗಳಿಗೂ ಇದೇ ವಿವೇಕ. ಗಾರೆಯಿಲ್ಲದ ಗೋಡೆಯಲ್ಲಿ ದೊಡ್ಡ ಕಲ್ಲುಗಳು ಅಡಿಯಲ್ಲಿರುತ್ತವೆ. ಪ್ರತಿ ಕಲ್ಲಿನ ಉದ್ದ ಗೋಡೆಯೊಳಕ್ಕೆ ಹೋಗುತ್ತದೆ. ಎರಡು ಕಲ್ಲುಗಳ ಸಂದಿಯ ಮೇಲೆ ಮೂರನೆಯದು ಕೂರುತ್ತದೆ. ಇಡೀ ಗೋಡೆ ಗುಡ್ಡದ ಕಡೆಗೆ ವಾಲಿರುತ್ತದೆ. ಹಿಂಬದಿಗೆ ತುಂಬುವ ಚಿಲ್ಲರೆ ಕಲ್ಲುಗಳನ್ನೂ ಸುರಿಯುವುದಿಲ್ಲ, ಕೈಯಲ್ಲೇ ಒತ್ತಿ ಕೂರಿಸುತ್ತಾರೆ. ಗುಡ್ಡದ ನೀರು ಸಂದಿಗಳಿಂದ ಸೋರಿಹೋಗುವುದರಿಂದ ಗೋಡೆಯ ಹಿಂದೆ ಒತ್ತಡ ಕಟ್ಟುವುದಿಲ್ಲ. ಚಳಿಗೆ ಹೆಪ್ಪುಗಟ್ಟಿ ಹಿಗ್ಗಲು ಅಲ್ಲಿ ಹೆಚ್ಚು ನೀರೂ ಉಳಿಯುವುದಿಲ್ಲ. ಸ್ವಿಟ್ಜರ್ಲೆಂಡ್, ಇಟಲಿ, ಫ್ರಾನ್ಸ್ ಸೇರಿದಂತೆ ಎಂಟು ದೇಶಗಳ ಈ ಕಸುಬನ್ನು ಯುನೆಸ್ಕೊ 2018ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ನೀರಿನ ಬಲ ಗೊಂಡೊದವರಿಗೆ ಚೆನ್ನಾಗಿ ಗೊತ್ತು. 2000ದ ಅಕ್ಟೋಬರಿನಲ್ಲಿ ದಿನಗಟ್ಟಲೆ ಸುರಿದ ಮಳೆಗೆ ಊರ ಮೇಲಿನ ಗುಡ್ಡ ಕುಸಿದು 13 ಮಂದಿ ಸತ್ತರು. ಸ್ಟೊಕಾಲ್ಪರ್ ಗೋಪುರದ ಒಂದು ಭಾಗವೂ ಕೊಚ್ಚಿಹೋಯಿತು. ಅದನ್ನು ಮತ್ತೆ ಕಟ್ಟಿದ್ದಾರೆ.

ಈ ದಾರಿ ಉಳಿದದ್ದು ಅದರ ಕಾಲ ಮುಗಿದದ್ದರಿಂದ. ಫಿರಂಗಿ ಸಾಗಿಸಲು ನೆಪೋಲಿಯನ್‌ಗೆ ಗಾಡಿದಾರಿ ಬೇಕಿತ್ತು. ಅವನ ಎಂಜಿನಿಯರುಗಳು 1801ರಿಂದ 1805ರೊಳಗೆ ಸಿಂಪ್ಲೋನ್ ಮೇಲೆ ಅದನ್ನು ಕಟ್ಟಿದರು. 1906ರಲ್ಲಿ ರೈಲಿನ ಸುರಂಗವೂ ತೆರೆಯಿತು. ಸರಕು ಅತ್ತ ಹೋಯಿತು. ಹೇರುದಾರಿಯ ಎಷ್ಟೋ ಭಾಗವನ್ನು ಅಗಲಿಸುವ, ಡಾಂಬರು ಹಾಕುವ ಗೋಜಿಗೆ ಯಾರೂ ಹೋಗಲಿಲ್ಲ. 20ನೇ ಶತಮಾನದ ಕೊನೆಗೆ ದೇಶದ ಚಾರಿತ್ರಿಕ ದಾರಿಗಳ ಸಮೀಕ್ಷೆ ನಡೆದಾಗ ಇಂಥ ತುಂಡುಗಳ ಬೆಲೆ ತಿಳಿಯಿತು. ಇಂದು ಹಳದಿ ಕೈಕಂಬಗಳನ್ನು ಹಿಡಿದು ಬ್ರಿಗ್‌ನಿಂದ ಗೊಂಡೊವರೆಗೆ ಎರಡು ಮೂರು ದಿನಗಳಲ್ಲಿ ನಡೆಯಬಹುದು. ಸಿಂಪ್ಲೋನ್ ಹಳ್ಳಿಯ ಹಳೆಯ ವಸತಿಗೃಹದಲ್ಲಿ ಘಾಟಿಯ ಸಂಚಾರದ ಕಥೆ ಹೇಳುವ ಸಂಗ್ರಹಾಲಯವಿದೆ. ಅರ್ಧ ದಿನ ಅಲ್ಲಿಗೆ ಮೀಸಲಿಟ್ಟರೆ ನಷ್ಟವಿಲ್ಲ.

ಹೋಗುವುದಾದರೆ ಮಳೆ ನಿಂತ ಮಾರನೇ ದಿನ ಹೋಗುವುದು ಮೇಲು. ಯಾವ ಓರೆಗಾಲುವೆ ಕೆಲಸ ಮಾಡುತ್ತಿದೆ, ಯಾವುದು ತರಗೆಲೆ ತುಂಬಿ ಕಟ್ಟಿಕೊಂಡಿದೆ ಎಂಬುದು ಆಗ ತಾನಾಗಿ ಕಾಣುತ್ತದೆ. ಕಟ್ಟಿಕೊಂಡದ್ದು ಕಂಡರೆ ಬೂಟಿನ ತುದಿಯಿಂದ ಎಲೆ ಸರಿಸಿ ಮುಂದೆ ಹೋಗಬಹುದು. ಇಂಥ ದಾರಿ ಬೇಡುವ ದುರಸ್ತಿಯಲ್ಲಿ ಹೆಚ್ಚಿನದು ಅಷ್ಟೇ.